ಕಾರಿನ ಮುಂದಿನ ಗಾಜನ್ನು ಎಷ್ಟು ಒರೆಸಿದರೂ ಮಬ್ಬು ಗೆರೆಗಳು ಉಳಿಯುತ್ತವೆ, ಏನು ಮಾಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಉಡುಪಿಗೆ ಆಗಾಗ ಕಾರಿನಲ್ಲಿ ಹೋಗಿಬರುತ್ತೀರಿ, ಹೊರಡುವ ಮುನ್ನ ಶಾಂಪೂ ಬೆರೆಸಿದ ನೀರು ಮತ್ತು ಹಳೆಯ ದಿನಪತ್ರಿಕೆಯಿಂದ ಗಾಜು ಒರೆಸುತ್ತೀರಿ, ಹಗಲಿನಲ್ಲಿ ಶುಭ್ರವಾಗಿ ಕಾಣುವ ಗಾಜು ಸಂಜೆ ಎದುರಿನ ವಾಹನದ ಬೆಳಕು ಬಿದ್ದೊಡನೆ ಗೆರೆಗೆರೆಯಾಗಿ ಮಬ್ಬಾಗುತ್ತದೆ. ಯಾವ ದ್ರಾವಣ ಕೊಂಡರೆ ಒಳ್ಳೆಯದು ಎಂದು ಕೇಳಿದ್ದೀರಿ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರನಾಗಿ ಇದೇ ರಸ್ತೆಯಲ್ಲಿ ಎಲ್ಲ ಕಾಲದಲ್ಲೂ ಓಡಾಡುವ ನನ್ನ ಅಭಿಪ್ರಾಯದಲ್ಲಿ ದ್ರಾವಣದ ವಿಚಾರ ಕೊನೆಗೆ ಬರಬೇಕಾದದ್ದು. ಮಬ್ಬು ಗಾಜಿನ ಒಳಮೈಯಲ್ಲಿದೆಯೋ ಹೊರಮೈಯಲ್ಲಿದೆಯೋ, ಅದು ಯಾವ ಬಗೆಯ ಕೊಳೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ನಿಮ್ಮ ವಿವರಣೆಯನ್ನು ಓದಿದರೆ, ಅದು ಬಹುಪಾಲು ಒಳಮೈಯಲ್ಲಿ ಕುಳಿತಿರುವ ಜಿಡ್ಡು ಎನಿಸುತ್ತದೆ.

ಮುಚ್ಚಿದ ಕಾರಿನೊಳಗೆ ಜಿಡ್ಡು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಡ್ಯಾಶ್‌ಬೋರ್ಡ್ ಮತ್ತು ಸೀಟಿನ ಹೊದಿಕೆಯಂಥ ಪ್ಲಾಸ್ಟಿಕ್ ಭಾಗಗಳು ಮೆತ್ತಗಿರಲೆಂದು ಅವುಗಳಲ್ಲಿ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ವಸ್ತುವನ್ನು ಸೇರಿಸಿರುತ್ತಾರೆ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಅದು ಸ್ವಲ್ಪಸ್ವಲ್ಪವಾಗಿ ಆವಿಯಾಗಿ, ತಂಪಾದ ಗಾಜಿಗೆ ತಗುಲಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ ಕೂರುತ್ತದೆ. ಕಾರು ಹಳೆಯದಾದಂತೆ ಇದು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಇದರ ಮೇಲೆ ವಾಟರ್ ಸರ್ವೀಸ್‌ನಲ್ಲಿ ಡ್ಯಾಶ್‌ಬೋರ್ಡಿಗೆ ಬಳಿಯುವ ಸಿಲಿಕೋನ್ ಪಾಲಿಶ್, ಗಾಜಿನ ಬುಡದಲ್ಲಿರುವ ಗಾಳಿಯ ಕಿಂಡಿಯಿಂದ ಒಳಬರುವ ಮುಂದಿನ ಲಾರಿಯ ಹೊಗೆ, ಮಂಜು ಒರೆಸಲು ಗಾಜಿಗೆ ಹಚ್ಚಿದ ಅಂಗೈಯ ಜಿಡ್ಡು, ಇವೆಲ್ಲ ಸೇರುತ್ತವೆ. ಡ್ಯಾಶ್‌ಬೋರ್ಡಿನ ಗಣಪತಿಗೆ ನಿತ್ಯ ಊದುಬತ್ತಿ ಹಚ್ಚುವವರ ಕಾರಿನಲ್ಲಂತೂ ಗಾಜಿಗೆ ಕಂದು ಛಾಯೆಯೇ ಬಂದಿರುತ್ತದೆ. ದೇವರ ವಿಷಯದಲ್ಲಿ ನಾನು ಸಲಹೆ ಕೊಡುವುದಿಲ್ಲ, ಆದರೆ ಬತ್ತಿಯನ್ನು ಕಾರಿನ ಹೊರಗೆ ಹಚ್ಚಿ ತೋರಿಸಿದರೂ ಪೂಜೆ ಸಲ್ಲುತ್ತದೆ ಎಂದು ನನ್ನ ನಂಬಿಕೆ. ಹಗಲಿನ ಸಮಬೆಳಕಿನಲ್ಲಿ ಈ ಪೊರೆ ಕಾಣದು. ಓರೆಯಾಗಿ ಬೀಳುವ ಬೆಳಕನ್ನು ಅದು ಚದುರಿಸುವುದರಿಂದ, ಇಳಿಹೊತ್ತಿನ ಸೂರ್ಯನಿಗೆ ಅಥವಾ ಎದುರಿನ ಹೆಡ್‌ಲೈಟಿಗೆ ಮುಖಮಾಡಿದಾಗ ಮಾತ್ರ ಇದ್ದಕ್ಕಿದ್ದಂತೆ ಪ್ರತ್ಯಕ್ಷವಾಗುತ್ತದೆ. ಎಣ್ಣೆ ಹಿಡಿದ ತಟ್ಟೆಯನ್ನು ಒದ್ದೆ ಕಾಗದದಿಂದ ಒರೆಸಿದರೆ ಎಣ್ಣೆ ತಟ್ಟೆಯ ತುಂಬ ಹರಡುವಂತೆ, ನಿಮ್ಮ ಪತ್ರಿಕೆಯೂ ಈ ಪೊರೆಯನ್ನು ಅಲ್ಲಿಂದಿಲ್ಲಿಗೆ ಸರಿಸುತ್ತಿದೆ.

ಗೆರೆ ಯಾವ ಕಡೆಗಿದೆ ಎಂದು ತಿಳಿಯುವ ಸುಲಭದ ಉಪಾಯವೊಂದಿದೆ. ಹೊರಮೈಯನ್ನು ಯಾವಾಗಲೂ ಅಡ್ಡಡ್ಡವಾಗಿ, ಒಳಮೈಯನ್ನು ಯಾವಾಗಲೂ ಮೇಲಿಂದ ಕೆಳಕ್ಕೆ ಒರೆಸಿ ಮುಗಿಸಿ. ಆಮೇಲೆ ಉಳಿದ ಗೆರೆ ಅಡ್ಡವಿದ್ದರೆ ಹೊರಗಿನದು, ಉದ್ದವಿದ್ದರೆ ಒಳಗಿನದು. ವೈಪರ್ ಸಾಗುವ ಬಿಲ್ಲಿನಾಕಾರದಲ್ಲಿ ಗೆರೆಗಳಿದ್ದರೆ ದೋಷ ವೈಪರಿನದು. ಹೊರಮೈ ನಿಜವಾಗಿ ಶುಭ್ರವಾಗಿದೆಯೇ ಎಂಬುದನ್ನು ನೀರೇ ಹೇಳುತ್ತದೆ: ಒಂದು ಚೊಂಬು ನೀರನ್ನು ಮೇಲಿನಿಂದ ಸುರಿದಾಗ ಅದು ಹಾಳೆಯಂತೆ ಒಂದೇ ಸಮನೆ ಇಳಿದರೆ ಗಾಜಿನ ಮೇಲೆ ಜಿಡ್ಡಿಲ್ಲ, ಅಲ್ಲಲ್ಲಿ ಹರಿದು ಹನಿಹನಿಯಾಗಿ ನಿಂತರೆ ಅಲ್ಲಿ ಎಣ್ಣೆಯೋ ಮೇಣವೋ ಇದೆ. ಮಳೆನೀರು ಜಾರಲೆಂದು ವಿಶೇಷ ಲೇಪನ ಹಾಕಿಸಿದವರಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ, ಏಕೆಂದರೆ ಹನಿಗಟ್ಟುವುದೇ ಆ ಲೇಪನದ ಕೆಲಸ.

ಇನ್ನು ಬಟ್ಟೆ. ಫಲಿತಾಂಶದ ಮುಕ್ಕಾಲು ಪಾಲು ಬಟ್ಟೆಯದೇ ಎಂದು ನಾನು ಹೇಳುತ್ತೇನೆ. ಹಳೆಯ ಬನಿಯನ್, ಪಂಚೆಯ ಚೂರು, ಟರ್ಕಿ ಟವೆಲ್ ಇವು ನೀರನ್ನು ಹೀರುತ್ತವೆ, ಆದರೆ ಜಿಡ್ಡನ್ನು ಹಿಡಿದಿಡುವುದಿಲ್ಲ, ಜೊತೆಗೆ ನೂಲಿನ ಎಳೆಗಳನ್ನು ಬಿಡುತ್ತವೆ. ಮೈಕ್ರೋಫೈಬರ್ ಬಟ್ಟೆಯ ಎಳೆಗಳು ಒಂದು ಡೆನಿಯರ್‌ಗಿಂತ ಸಪೂರವಾಗಿರುತ್ತವೆ, ಅಂದರೆ 9,000 ಮೀಟರ್ ಉದ್ದದ ಎಳೆ ಒಂದು ಗ್ರಾಂ ಕೂಡ ತೂಗುವುದಿಲ್ಲ. ಒಳ್ಳೆಯ ಬಟ್ಟೆಯಲ್ಲಿ ಈ ಎಳೆಗಳನ್ನು ಮತ್ತೆ ಸೀಳಿರುವುದರಿಂದ ಅವುಗಳ ಅಂಚುಗಳು ಪೊರೆಯನ್ನು ಕೆರೆದು ಸಂದಿಯೊಳಗೆ ಎಳೆದುಕೊಳ್ಳುತ್ತವೆ. ಗಾಜಿಗೆ ಬೇಕಾದದ್ದು ಬಣ್ಣದ ಮೈಗೆ ಬಳಸುವ ಉಣ್ಣೆಯಂಥ ದಪ್ಪ ಬಟ್ಟೆಯಲ್ಲ, ಗಿಡ್ಡ ಎಳೆಯ ಅಥವಾ ಚೌಕುಳಿ ನೇಯ್ಗೆಯ ತೆಳು ಬಟ್ಟೆ. ಮೂರು ಬಟ್ಟೆಗಳನ್ನು ಗಾಜಿಗೆಂದೇ ಮೀಸಲಿಡಿ, ಪಾಲಿಶ್ ಒರೆಸಿದ ಬಟ್ಟೆಯನ್ನು ಅವುಗಳ ಜೊತೆ ಸೇರಿಸಬೇಡಿ, ತೊಳೆಯುವಾಗ ಬಟ್ಟೆ ಮೆದುವಾಗಲೆಂದು ಹಾಕುವ ಸುವಾಸನೆಯ ದ್ರವವನ್ನು ಖಂಡಿತ ಹಾಕಬೇಡಿ. ಆ ದ್ರವ ಎಳೆಗಳ ಮೇಲೆ ಮೇಣದಂಥ ಪದರ ಬಿಡುವುದರಿಂದ, ಮುಂದಿನ ಸಲ ನೀವು ಗಾಜಿಗೆ ಆ ಮೇಣವನ್ನೇ ಬಳಿದಂತಾಗುತ್ತದೆ. ದಿನಪತ್ರಿಕೆಯ ವಿಚಾರದಲ್ಲಿ ನಮ್ಮಲ್ಲಿ ಗಟ್ಟಿಯಾದ ಅಭಿಮಾನವಿದೆ. ಮನೆಯ ಕಿಟಕಿಗೆ ಅದು ತಕ್ಕಮಟ್ಟಿಗೆ ಸರಿಯೇ. ಕಾರಿನ ಇಳಿಜಾರು ಗಾಜಿನ ಮೂಲೆಗಳಿಗೆ ಅದು ತಲುಪುವುದಿಲ್ಲ, ಒದ್ದೆಯಾದರೆ ಹರಿಯುತ್ತದೆ, ಶಾಯಿಯ ಕಪ್ಪು ಅಂಚಿನ ಬೀಡಿಂಗಿಗೂ ಕೈಗೂ ಹತ್ತುತ್ತದೆ.

ದ್ರಾವಣಕ್ಕೆ ದುಬಾರಿ ಸೀಸೆ ಬೇಕಾಗಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್, ಒಂದು ಪಾಲು ಸೇರಿಸಿದರೆ ಸಾಕು. ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೊಡದಂತೆ ನೋಡಿಕೊಳ್ಳಿ. ಸ್ಪಿರಿಟ್ ಎಂಬ ಹೆಸರಿನಲ್ಲಿ ಮಾರುವ ಕೆಲವು ದ್ರವಗಳಲ್ಲಿ ಹರಳೆಣ್ಣೆ ಬೆರೆತಿರುವುದುಂಟು, ಅದು ನಮ್ಮ ಕೆಲಸವನ್ನೇ ಕೆಡಿಸುತ್ತದೆ. ಆದ್ದರಿಂದ ಚೀಟಿ ಓದಿ ಕೊಳ್ಳಿ. ಇದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಬೆಂಕಿಯ ಬಳಿ ಬಳಸಬಾರದು, ಬಿಸಿಲಿನಲ್ಲಿ ನಿಲ್ಲಿಸುವ ಕಾರಿನಲ್ಲಿ ಸೀಸೆಯನ್ನು ಬಿಡಬಾರದು. ಅಮೋನಿಯಾ ಇರುವ ಗಾಜಿನ ದ್ರಾವಣಗಳು ಮನೆಗೆ ಒಳ್ಳೆಯವು. ಕಾರಿನೊಳಗೆ ಅವುಗಳ ಘಾಟು ಹೆಚ್ಚು, ಪ್ಲಾಸ್ಟಿಕ್ಕಿಗೂ ಫಿಲ್ಮ್ ಅಂಟಿಸಿದ ಗಾಜಿಗೂ ಒಳ್ಳೆಯದಲ್ಲ.

ಕೆಲಸವನ್ನು ನೆರಳಿನಲ್ಲಿ, ಗಾಜು ತಣ್ಣಗಿರುವಾಗ ಮಾಡಬೇಕು. ಬಿಸಿ ಗಾಜಿನ ಮೇಲೆ ದ್ರವ ಒರೆಸುವ ಮೊದಲೇ ಆರಿ, ಕರಗಿದ ಕೊಳೆ ಗೆರೆಯಾಗಿ ಅಲ್ಲೇ ಕೂರುತ್ತದೆ. ಗಾಜಿಗೆ ಕೈ ಹಚ್ಚುವ ಮುನ್ನ ಡ್ಯಾಶ್‌ಬೋರ್ಡಿನ ಮೇಲ್ಭಾಗವನ್ನು, ಅದರಲ್ಲೂ ಗಾಜು ಕೂಡುವ ಅಂಚನ್ನು, ಬೇರೊಂದು ಬಟ್ಟೆಯನ್ನು ಸ್ವಲ್ಪ ಸೋಪು ನೀರಿನಲ್ಲಿ ಅದ್ದಿ ಹಿಂಡಿ ಒರೆಸಿ. ಈ ಹಂತವನ್ನು ಬಹಳ ಜನ ಬಿಡುತ್ತಾರೆ. ಆಗ ಗಾಜು ಒರೆಸುವ ಬಟ್ಟೆ ಕೆಳಗೆ ಬಂದಾಗಲೆಲ್ಲ ಡ್ಯಾಶ್‌ಬೋರ್ಡಿನ ಪಾಲಿಶನ್ನು ತಾಗಿ ಮತ್ತೆ ಮೇಲಕ್ಕೆ ಒಯ್ಯುತ್ತದೆ. ಬಳಿಕ ದ್ರಾವಣವನ್ನು ಗಾಜಿನ ಮೇಲೆ ಸಿಂಪಡಿಸದೆ ಬಟ್ಟೆಗೇ ಹಾಕಿಕೊಳ್ಳಿ, ಏಕೆಂದರೆ ಕನ್ನಡಿಯ ಹಿಂದಿನ ಕ್ಯಾಮೆರಾ ಮತ್ತು ಸೆನ್ಸರುಗಳ ಮೇಲೆ, ಡ್ಯಾಶ್‌ಬೋರ್ಡಿನ ಕಿಂಡಿಗಳ ಒಳಗೆ ನೀರು ಇಳಿಯಬಾರದು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಹೊಸ ಮೈಗಳು ಸಿಗುತ್ತವೆ. ಗಾಜಿನ ಒಂದೊಂದು ಭಾಗಕ್ಕೂ ಮೈ ಬದಲಿಸುತ್ತ ಹೋಗಿ. ಎರಡನೆಯ ಬಟ್ಟೆಯನ್ನು ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ತೇವ ಮಾಡಿ ಇನ್ನೊಮ್ಮೆ ಒರೆಸಿ, ಗಾಜು ತಾನಾಗಿ ಆರುವ ಮೊದಲೇ ಮೂರನೆಯ ಒಣ ಬಟ್ಟೆಯಿಂದ ಮುಗಿಸಿ. ಸ್ಟಿಯರಿಂಗಿನ ಮುಂದಿನ ಕೆಳಮೂಲೆಗೆ ಚಾಲಕನ ಸೀಟಿನಿಂದ ಕೈ ಹೋಗುವುದಿಲ್ಲ. ಎಡಗಡೆಯ ಸೀಟಿನಲ್ಲಿ ಕುಳಿತು, ಅಂಗೈಯ ಬದಲು ಕೈಯ ಬೆನ್ನಿನಿಂದ ಬಟ್ಟೆಯನ್ನು ಗಾಜಿಗೆ ಒತ್ತಿದರೆ ಮಣಿಕಟ್ಟು ತಿರುಚದೆ ಬುಡದವರೆಗೆ ತಲುಪುತ್ತದೆ. ಬಹುಕಾಲ ಒಳಮೈ ಒರೆಸದ ಕಾರಾದರೆ ಒಂದೇ ಸಲಕ್ಕೆ ಎಲ್ಲ ಹೋಗುತ್ತದೆಂದು ನಿರೀಕ್ಷಿಸಬೇಡಿ, ಮರುದಿನ ಇದೇ ಕ್ರಮವನ್ನು ಇನ್ನೊಮ್ಮೆ ಮಾಡಿ.

ಹೊರಮೈಯ ಕೊಳೆ ಮಲೆನಾಡಿನಲ್ಲಿ ಕಾಲಕ್ಕೊಂದು ಬಗೆಯದು. ಬೇಸಿಗೆಯ ಕೆಂಪು ಧೂಳನ್ನು ಒಣಬಟ್ಟೆಯಿಂದ ಉಜ್ಜಬಾರದು, ಅದರಲ್ಲಿರುವ ಮರಳಿನ ಕಣ ಗಾಜನ್ನೂ ವೈಪರಿನ ರಬ್ಬರನ್ನೂ ಗೀರುತ್ತದೆ. ಧಾರಾಳ ನೀರು ಹೊಯ್ದು ಇಳಿಸಬೇಕು. ಮಾವಿನ ಮರದಡಿ ನಿಲ್ಲಿಸಿದ ಕಾರಿನ ಮೇಲೆ ಬೀಳುವ ಅಂಟನ್ನು ಬಿಡಿಸಲು ಸೀಮೆಎಣ್ಣೆ ಹಚ್ಚುವವರಿದ್ದಾರೆ. ಅದು ಬಹುತೇಕ ಜಿಗಿಹುಳುಗಳು ಸುರಿಸುವ ಸಿಹಿ ದ್ರವವಾದ್ದರಿಂದ ಉಗುರುಬೆಚ್ಚಗಿನ ನೀರಿಗೇ ಕರಗುತ್ತದೆ, ಸೀಮೆಎಣ್ಣೆ ಮಾತ್ರ ಹೊಸ ಜಿಡ್ಡನ್ನು ಬಿಟ್ಟು ಹೋಗುತ್ತದೆ. ಮೊದಲ ಮಳೆಯ ಹೊತ್ತಿಗೆ ರೆಕ್ಕೆಯ ಗೆದ್ದಲು ಬೆಳಕಿಗೆ ಮುತ್ತಿ ಗಾಜಿಗೆ ಬಡಿದು ಸತ್ತಾಗ ವೈಪರ್ ಹಾಕುವುದು ಸಹಜವಾದ ಚಾಳಿ, ಆದರೆ ಆ ಹುಳುವಿನ ಮೈತುಂಬ ಕೊಬ್ಬು. ಒಂದು ಎಳೆತಕ್ಕೆ ಗಾಜೆಲ್ಲ ಬೆಣ್ಣೆ ಬಳಿದಂತಾಗುತ್ತದೆ. ನಿಧಾನಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒದ್ದೆ ಬಟ್ಟೆಯನ್ನು ಗಾಜಿನ ಮೇಲೆ ಸ್ವಲ್ಪ ಹೊತ್ತು ಹಾಸಿ ನೆನೆಸಿ ಎತ್ತಿದರೆ ಸುಲಭವಾಗಿ ಬರುತ್ತದೆ.

ತೋಟದ ಮನೆಯವರಿಗೆ ಇನ್ನೊಂದು ಪಾಡಿದೆ. ಕೊಳೆರೋಗಕ್ಕೆಂದು ಮಳೆಗಾಲದ ಆರಂಭದಲ್ಲೂ ನಡುವೆಯೂ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸುವಾಗ ಅಂಗಳದ ಕಾರಿನ ಮೇಲೆ ಹನಿ ತೂರಿ ಬರುತ್ತದೆ. ಶೇ. 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ; ಮಳೆಯಲ್ಲೂ ತೊಳೆದುಹೋಗದೆ ಗೊನೆಗೆ ಅಂಟಿರಲೆಂದೇ ಮಾಡಿದ ಮದ್ದು ಗಾಜಿಗೂ ಅಷ್ಟೇ ನಿಷ್ಠೆಯಿಂದ ಅಂಟಿಕೊಳ್ಳುತ್ತದೆ. ಈ ತಿಳಿನೀಲಿ ಚುಕ್ಕೆಗಳಿಗೆ ಸೋಪಾಗಲಿ ಆಲ್ಕೋಹಾಲಾಗಲಿ ನಾಟುವುದಿಲ್ಲ, ಸುಣ್ಣಕ್ಕೆ ಹುಳಿಯೇ ಮದ್ದು. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ನೆನೆಸಿ ಚುಕ್ಕೆಯ ಮೇಲೆ ಇರಿಸಿ, ಕರಗಿದ ಮೇಲೆ ಧಾರಾಳ ನೀರಿನಿಂದ ತೊಳೆಯಿರಿ. ಬೋರ್‌ವೆಲ್ಲಿನ ಗಡಸು ನೀರು ಆರಿ ಉಳಿಸುವ ಬಿಳಿ ಕಲೆಗಳಿಗೂ ಇದೇ ಕ್ರಮ. ನಿಂಬೆರಸವೂ ಕೆಲಸ ಮಾಡುತ್ತದೆ. ಆದರೆ ಅದರ ಸಕ್ಕರೆ ಮತ್ತು ತಿರುಳು ಗಾಜಿನ ಮೇಲೆ ಉಳಿಯುವುದರಿಂದ ನನಗೆ ವಿನೆಗರೇ ಮೇಲು ಎನಿಸುತ್ತದೆ.

ನಿಮ್ಮ ಶಾಂಪೂವಿನ ಬಗ್ಗೆ ಹೇಳದೆ ಬಿಡುವಂತಿಲ್ಲ. ತಲೆಗೆ ಹಾಕುವ ಅನೇಕ ಶಾಂಪೂಗಳಲ್ಲಿ ಕೂದಲು ನುಣುಪಾಗಲೆಂದು ಸಿಲಿಕೋನ್ ಸೇರಿಸಿರುತ್ತಾರೆ. ಅದು ಕೂದಲ ಮೇಲೆ ಉಳಿಯುವಂತೆಯೇ ಗಾಜಿನ ಮೇಲೂ ಉಳಿಯುತ್ತದೆ. ವೈಪರಿನ ನೀರಿನ ಟ್ಯಾಂಕಿಗೆ ಶಾಂಪೂ ಪೊಟ್ಟಣ ಸುರಿಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಕಾರಿಗೆಂದೇ ಮಾರುವ ವಾಷರ್ ದ್ರವವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ. ವೈಪರ್ ಬ್ಲೇಡಿನ ಅಂಚನ್ನು ಒದ್ದೆ ಬಟ್ಟೆಯಿಂದ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರೆ ಕಪ್ಪು ಮಸಿ ಬರುತ್ತದೆ. ಮಸಿ ಬರುವುದು ಬಹುತೇಕ ನಿಲ್ಲುವವರೆಗೆ ಒರೆಸಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ರಬ್ಬರ್ ಗಡುಸಾಗುವುದರಿಂದ ಮಳೆ ಹಿಡಿಯುವ ಮುನ್ನ ಬ್ಲೇಡ್ ಬದಲಿಸುವುದು ಲೇಸು. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಹಳೆಯ ಬ್ಲೇಡನ್ನು ಇನ್ನೊಂದು ಮಳೆಗಾಲಕ್ಕೆ ನೂಕುವುದು ಉಳಿತಾಯವಲ್ಲ.

ಘಾಟಿಯಲ್ಲಿ ಗಾಜು ಮಂಜಾಗುವುದನ್ನು ಈ ಗೆರೆಗಳೊಂದಿಗೆ ಬೆರೆಸಿಕೊಳ್ಳಬೇಡಿ. ಸೋಮೇಶ್ವರದಿಂದ ಆಗುಂಬೆಗೆ ಏರುವಾಗ ಹೊರಗಿನ ತಂಪಿಗೆ ಗಾಜು ತಣ್ಣಗಾಗಿ, ಉಸಿರಿನ ಮತ್ತು ಒದ್ದೆ ಕೊಡೆಯ ತೇವ ಒಳಮೈಯಲ್ಲಿ ಮಂಜುಗಟ್ಟುತ್ತದೆ, ಎ.ಸಿ. ಹಾಕಿ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಹೊರಗಾಳಿ ಒಳಬರುವ ಗುಂಡಿಯನ್ನು ಒತ್ತಿದರೆ ಬೇಗ ತಿಳಿಯಾಗುತ್ತದೆ. ಘಾಟಿ ಇಳಿದು ಕರಾವಳಿಯ ಬಿಸಿ ತೇವಕ್ಕೆ ಬಂದಾಗ, ಎ.ಸಿ.ಯ ತಣ್ಣನೆಯ ಗಾಳಿ ಇನ್ನೂ ಗಾಜಿಗೆ ಬಡಿಯುತ್ತಿದ್ದರೆ ಮಂಜು ಹೊರಮೈಯಲ್ಲಿ ಕಟ್ಟುತ್ತದೆ. ಆಗ ಒಳಗಿನಿಂದ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ವೈಪರ್ ಹಾಕಿ ಗಾಳಿಯ ದಿಕ್ಕನ್ನು ಬದಲಿಸಬೇಕು. ಎರಡು ಸಂದರ್ಭದಲ್ಲೂ ಅಂಗೈಯಿಂದ ಒರೆಸಿದರೆ ಮಂಜು ಹೋಗಿ ಅಂಗೈಯ ಜಿಡ್ಡು ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಬೆಳಕಿಗೆ ಗೆರೆಗಳ ಬದಲು ಸಣ್ಣ ಚುಕ್ಕೆಗಳು ಮಿನುಗಿದರೆ ಅವು ಲಾರಿಗಳ ಹಿಂದೆ ಹಾರುವ ಮರಳು ಗಾಜಿಗೆ ಬಡಿದು ಮಾಡಿದ ಗುಳಿಗಳು, ಉಗುರಿನಿಂದ ಸವರಿದರೆ ದೊಡ್ಡವು ತಿಳಿಯುತ್ತವೆ. ಅಂಚಿನಿಂದ ಹಾಲಿನಂಥ ಬಿಳುಪು ಒಳಕ್ಕೆ ಹರಡಿದ್ದರೆ ಅದು ಎರಡು ಗಾಜಿನ ಹಾಳೆಗಳ ನಡುವೆ ಇರುವ, ಸಾಮಾನ್ಯವಾಗಿ 0.76 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಪದರ ಬಿಟ್ಟುಕೊಳ್ಳುತ್ತಿರುವ ಲಕ್ಷಣ. ಇವೆರಡಕ್ಕೂ ಬಟ್ಟೆ, ದ್ರಾವಣಗಳಲ್ಲಿ ಪರಿಹಾರವಿಲ್ಲ; ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಸಲಹೆಗೆ ಕಿವಿಗೊಡದೆ ಗಾಜಿನ ಕೆಲಸದವರಿಗೆ ತೋರಿಸಿ.