ಹನ್ನೆರಡು ಕಾಲಗಳ ಕೋಷ್ಟಕ ಬಾಯಿಗೆ ಬಂದರೂ ಆಫೀಸಿನ ಇಮೇಲ್ ಏಕೆ ತಪ್ಪುತ್ತದೆ?

ನೀವು ಕೇಳಿರುವುದು ಇಷ್ಟು: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೀರಿ, ಈಗ ಹುಬ್ಬಳ್ಳಿಯ ಒಂದು ಕಂಪನಿಯ ಮಾರಾಟ ವಿಭಾಗದಲ್ಲಿದ್ದೀರಿ, ಇಂಗ್ಲಿಷಿನ ಹನ್ನೆರಡು ಕಾಲಗಳ ಕೋಷ್ಟಕವನ್ನು ಬಾಯಿಪಾಠ ಮಾಡಿದ್ದೀರಿ, ಆದರೂ ಗ್ರಾಹಕರಿಗೆ ಇಮೇಲ್ ಬರೆಯಲು ಕುಳಿತರೆ ಡಿಡ್, ಹ್ಯಾವ್, ಹ್ಯಾಡ್ ಮೂರೂ ಕಲಸಿಹೋಗುತ್ತವೆ. ನಿಮ್ಮ ಮೇಲಧಿಕಾರಿ ತಿದ್ದಲು ಹೇಳಿದ ಮೂರು ವಾಕ್ಯಗಳನ್ನೂ ಕೊಟ್ಟಿದ್ದೀರಿ: 'ಐ ಹ್ಯಾವ್ ಸೆಂಟ್ ದ ಕೊಟೇಶನ್ ಯೆಸ್ಟರ್‌ಡೇ', 'ವಿ ಡಿಡ್ ನಾಟ್ ರಿಸೀವ್ಡ್ ಯುವರ್ ರಿಪ್ಲೈ', 'ಒನ್ಸ್ ವಿ ವಿಲ್ ರಿಸೀವ್ ದ ಪಿ.ಒ., ವಿ ವುಡ್ ಡಿಸ್ಪ್ಯಾಚ್ ದ ಮೆಟೀರಿಯಲ್' (ಪಿ.ಒ. ಎಂದರೆ ಪರ್ಚೇಸ್ ಆರ್ಡರ್, ಗ್ರಾಹಕರು ಕಳುಹಿಸುವ ಖರೀದಿ ಆದೇಶ). ಉತ್ತರವನ್ನು ಪೂರ್ತಿ ಕನ್ನಡ ಅಕ್ಷರಗಳಲ್ಲೇ ಬರೆಯಬೇಕೆಂದು ಕೋರಿದ್ದೀರಿ, ಹಾಗೆಯೇ ಬರೆಯುತ್ತೇನೆ.

ನಾನು ಭಾಷಾಶಾಸ್ತ್ರ ಓದಿದವನಲ್ಲ. ತುಮಕೂರು ಜಿಲ್ಲೆಯ ಸರ್ಕಾರಿ ಶಾಲೆಯಿಂದ ಬಂದು, ಪೀಣ್ಯದ ಒಂದು ಕಾರ್ಖಾನೆಯ ರಫ್ತು ವಿಭಾಗದಲ್ಲಿ ಹದಿನೆಂಟು ವರ್ಷ ಪತ್ರವ್ಯವಹಾರ ನೋಡಿಕೊಂಡವನು. ನಿಮ್ಮ ಮೂರು ತಪ್ಪುಗಳನ್ನೂ ನಾನೂ ಮಾಡಿದ್ದೇನೆ. ಅವು ಅಜಾಗರೂಕತೆಯಿಂದ ಆಗುವ ತಪ್ಪುಗಳಲ್ಲ, ಕನ್ನಡದ ಸರಿಯಾದ ವಾಕ್ಯಗಳನ್ನು ನಿಷ್ಠೆಯಿಂದ ಇಂಗ್ಲಿಷಿಗೆ ಇಳಿಸಿದ್ದರಿಂದ ಆಗುವ ತಪ್ಪುಗಳು ಎಂಬುದು ನನಗೆ ತಡವಾಗಿ ತಿಳಿಯಿತು. ಹಾಗಾಗಿ ಕೋಷ್ಟಕವನ್ನು ಬದಿಗಿಟ್ಟು ಕನ್ನಡದಿಂದಲೇ ಆರಂಭಿಸೋಣ.

'ಕಳುಹಿಸುತ್ತಿದ್ದೆವು' ಎಂಬ ಒಂದು ಪದವನ್ನು ಬಿಡಿಸಿ ನೋಡಿ. ಮೊದಲು ಕೆಲಸ ಯಾವುದೆಂದು ತಿಳಿಯುತ್ತದೆ, ನಂತರ ಅದು ನಡೆಯುತ್ತಿತ್ತೆಂದು, ನಂತರ ಅದು ಹಿಂದಿನ ಮಾತೆಂದು, ಕಟ್ಟಕಡೆಗೆ 'ಎವು' ಬಂದಾಗ ಮಾಡಿದವರು ನಾವೆಂದು. ಇಂಗ್ಲಿಷಿನಲ್ಲಿ ಇದೇ ಮಾತು 'ವಿ ವರ್ ಸೆಂಡಿಂಗ್' ಎಂದು ತಲೆಕೆಳಗಾಗಿ ಬರುತ್ತದೆ: ಮೊದಲು ನಾವು, ನಂತರ ಕಾಲ, ಕೊನೆಗೆ ಕೆಲಸ. ಅಂದರೆ ಕನ್ನಡದಲ್ಲಿ ಕಾಲದ ಗುರುತು ಕ್ರಿಯಾಪದದ ಬಾಲದಲ್ಲಿದ್ದರೆ, ಇಂಗ್ಲಿಷಿನಲ್ಲಿ ಅದು ಕ್ರಿಯಾಪದಗಳ ಸಾಲಿನ ತಲೆಯಲ್ಲಿರುತ್ತದೆ. ಸಾಲಿನಲ್ಲಿ ಎರಡು, ಮೂರು, ನಾಲ್ಕು ಕ್ರಿಯಾಪದಗಳಿದ್ದರೂ ಕಾಲಕ್ಕೆ ತಕ್ಕಂತೆ ಬದಲಾಗುವುದು ಮೊದಲನೆಯದು ಮಾತ್ರ. ಉಳಿದವುಗಳ ರೂಪವನ್ನು ಅವುಗಳಿಗಿಂತ ಮೊದಲು ಬಂದ ಪದ ನಿರ್ಧರಿಸುತ್ತದೆ. ಇದೊಂದು ಗಟ್ಟಿಯಾದರೆ ಹನ್ನೆರಡು ಮನೆಗಳ ಕೋಷ್ಟಕ ಬೇಕಾಗುವುದಿಲ್ಲ.

ಇಂಗ್ಲಿಷಿನ ಒಂದು ಕ್ರಿಯಾಪದಕ್ಕೆ ಹೆಚ್ಚೆಂದರೆ ಐದು ರೂಪಗಳು: ರೈಟ್, ರೈಟ್ಸ್, ರೋಟ್, ರಿಟನ್, ರೈಟಿಂಗ್. ಬಿ ಎಂಬ ಕ್ರಿಯಾಪದ ಒಂದೇ ಇದಕ್ಕೆ ಹೊರತು. ಅದಕ್ಕೆ ಬಿ, ಆ್ಯಮ್, ಈಸ್, ಆರ್, ವಾಸ್, ವರ್, ಬೀನ್, ಬೀಯಿಂಗ್ ಎಂದು ಎಂಟು. ಈಗ ಜೋಡಿಸುವ ಕ್ರಮ. ಡು, ಡಸ್, ಡಿಡ್ ಹಾಗೂ ವಿಲ್, ವುಡ್, ಕ್ಯಾನ್, ಮೇ, ಮಸ್ಟ್ ಇವುಗಳ ನಂತರ ರೈಟ್ ಎಂಬಂಥ ಮೂಲರೂಪ ಬರಬೇಕು, ಬೇರೇನೂ ಬರುವಂತಿಲ್ಲ. ಹ್ಯಾವ್, ಹ್ಯಾಸ್, ಹ್ಯಾಡ್ ಬಳಿಕ ರಿಟನ್, ಸೆಂಟ್, ರಿಸೀವ್ಡ್ ಎಂಬಂಥ ಮೂರನೆಯ ರೂಪ (ರೈಟ್, ರೋಟ್, ರಿಟನ್ ಎಂದು ಎಣಿಸುವಾಗ ಬರುವ ಮೂರನೆಯದು). ಬಿ ಕುಟುಂಬದ ಬಳಿಕ, ಕೆಲಸ ನಡೆಯುತ್ತಿದೆ ಎನ್ನುವುದಾದರೆ 'ಇಂಗ್' ರೂಪ, ಕೆಲಸ ಮಾಡಲ್ಪಟ್ಟಿದೆ ಎನ್ನುವುದಾದರೆ ಮತ್ತೆ ಮೂರನೆಯ ರೂಪ. 'ವಿಲ್ ಹ್ಯಾವ್ ಬೀನ್ ಡಿಸ್ಪ್ಯಾಚ್ಡ್' ಎಂಬ ಉದ್ದದ ಸಾಲನ್ನು ಹೀಗೆಯೇ ಪರೀಕ್ಷಿಸಬಹುದು: ವಿಲ್ ಆದ ಮೇಲೆ ಮೂಲರೂಪವಾದ ಹ್ಯಾವ್, ಹ್ಯಾವ್ ಆದ ಮೇಲೆ ಬಿ ಪದದ ಮೂರನೆಯ ರೂಪವಾದ ಬೀನ್, ಬೀನ್ ಆದ ಮೇಲೆ ಡಿಸ್ಪ್ಯಾಚ್ಡ್.

ನಿಮ್ಮ ಎರಡನೆಯ ವಾಕ್ಯದ ವ್ಯಾಕರಣದೋಷ ಇಲ್ಲಿಯೇ ಸಿಕ್ಕಿಬೀಳುತ್ತದೆ. 'ಡಿಡ್ ನಾಟ್ ರಿಸೀವ್ಡ್' ಎನ್ನುವಲ್ಲಿ ಭೂತಕಾಲವನ್ನು ಡಿಡ್ ಆಗಲೇ ಹೊತ್ತಿದೆ, ಆದ್ದರಿಂದ ಮುಂದಿನದು ರಿಸೀವ್ ಎಂದಷ್ಟೇ ಇರಬೇಕು. 'ಡಸ್ ಹೀ ನೋಸ್' ಎಂಬುದೂ ಇದೇ ಜಾತಿಯ ತಪ್ಪು. ಎಸ್ ಅಕ್ಷರವನ್ನು ಡಸ್ ಎತ್ತಿಕೊಂಡ ಮೇಲೆ ನೋ ಬರಿಗೈಯಲ್ಲಿ ಬರಬೇಕು.

ಕಾಗುಣಿತದ ವಿಷಯ ಬೇಗ ಮುಗಿಸುತ್ತೇನೆ. ಆರ್ಡರ್, ಕನ್ಫರ್ಮ್, ಡೆಲಿವರ್, ಅಟ್ಯಾಚ್, ರಿಕ್ವೆಸ್ಟ್ ಮುಂತಾಗಿ ವ್ಯವಹಾರದಲ್ಲಿ ನಿತ್ಯ ಬಳಸುವ ಹೆಚ್ಚಿನ ಪದಗಳಿಗೆ ಇ-ಡಿ ಸೇರಿಸಿದರೆ ಎರಡನೆಯ, ಮೂರನೆಯ ರೂಪಗಳೆರಡೂ ಸಿದ್ಧ. ಸೆಂಡ್, ಪೇ, ಬೈ, ಸೆಲ್, ಗಿವ್, ಟೇಕ್, ಮೇಕ್, ಮೀಟ್, ರೈಟ್, ಸ್ಪೀಕ್, ಬ್ರಿಂಗ್, ಕೀಪ್ ಇಂಥ ಕೆಲವನ್ನು ಮಾತ್ರ ಬಾಯಿಪಾಠ ಮಾಡಿ. ಪೇಡ್ ಎಂಬುದಕ್ಕೆ ಪಿ-ಎ-ಐ-ಡಿ, ನಡುವೆ ವೈ ಇಲ್ಲ. ರೆಫರ್ಡ್ ಎನ್ನುವಾಗ ಇ-ಡಿಗೆ ಮೊದಲು ಆರ್ ಎರಡು, ಆಫರ್ಡ್ ಎನ್ನುವಾಗ ಒಂದು. ಏಕೆಂದರೆ ರೆಫರ್ ಪದದಲ್ಲಿ ಒತ್ತು ಕೊನೆಯ ಭಾಗದ ಮೇಲೆ ಬೀಳುತ್ತದೆ, ಆಫರ್ ಪದದಲ್ಲಿ ಬೀಳುವುದಿಲ್ಲ.

ಸಾಮಾನ್ಯ ವರ್ತಮಾನಕಾಲ ಹೆಚ್ಚು ತೊಡಕಿನದಲ್ಲ. 'ವಿ ಸಪ್ಲೈ ಪಂಪ್ಸ್', 'ಅವರ್ ಆಫೀಸ್ ಓಪನ್ಸ್ ಅಟ್ ನೈನ್' ಎಂದು ಎಂದಿನ ಸಂಗತಿಗಳಿಗೆ ಅದನ್ನು ಬಳಸುತ್ತೇವೆ. ಆದರೆ ವ್ಯವಹಾರದ ಪತ್ರದಲ್ಲಿ ಅದಕ್ಕೆ ಇನ್ನೊಂದು ಬಳಕೆಯುಂಟು, ಅದನ್ನು ಶಾಲೆಯಲ್ಲಿ ನನಗೆ ಯಾರೂ ಹೇಳಿಕೊಡಲಿಲ್ಲ. 'ವಿ ಕನ್ಫರ್ಮ್ ಯುವರ್ ಆರ್ಡರ್' ಎಂದು ಬರೆದ ಕ್ಷಣವೇ ಆರ್ಡರ್ ಖಚಿತವಾಗುತ್ತದೆ. ಬರೆಯುವುದೇ ಇಲ್ಲಿ ಮಾಡುವುದು. ಇದನ್ನು 'ವಿ ಆರ್ ಕನ್ಫರ್ಮಿಂಗ್' ಎಂದು ಎಳೆದರೆ ಮಾತಿನ ತೂಕ ಇಳಿಯುತ್ತದೆ. 'ವಿ ರಿಗ್ರೆಟ್', 'ವಿ ಅಕ್ನಾಲೆಜ್', 'ವಿ ರಿಕ್ವೆಸ್ಟ್' ಇವೆಲ್ಲ ಇದೇ ಬಗೆಯವು. ಇನ್ನು ಹ್ಯಾವ್ ಎಂಬುದು 'ಇದೆ' ಎಂಬ ಅರ್ಥದಲ್ಲಿದ್ದಾಗ, ಹಾಗೆಯೇ ನೋ, ನೀಡ್, ವಾಂಟ್, ಅಂಡರ್‌ಸ್ಟ್ಯಾಂಡ್ ಪದಗಳಿಗೆ, ಸಾಮಾನ್ಯವಾಗಿ 'ಇಂಗ್' ಹಚ್ಚಬಾರದು. 'ವಿ ಆರ್ ಹ್ಯಾವಿಂಗ್ ಟೂ ಬ್ರ್ಯಾಂಚಸ್' ಎಂಬುದು ನಮ್ಮ ಆಫೀಸುಗಳಲ್ಲಿ ದಿನವೂ ಕೇಳಿಬರುತ್ತದೆ, ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ಆದರೆ ಹೊರದೇಶದ ಗ್ರಾಹಕರಿಗೆ 'ವಿ ಹ್ಯಾವ್' ಎಂದೇ ಬರೆಯಿರಿ.

ಈಗ ನಿಜವಾದ ಗಂಟಿಗೆ ಬರೋಣ. 'ನಿನ್ನೆ ಕೊಟೇಶನ್ ಕಳುಹಿಸಿದ್ದೇನೆ' ಎಂಬುದು ಕನ್ನಡದಲ್ಲಿ ಯಾವ ದೋಷವೂ ಇಲ್ಲದ ವಾಕ್ಯ. 'ಇದ್ದೇನೆ' ಎಂಬುದನ್ನು ಹ್ಯಾವ್ ಎಂದು ಮಾಡಿಕೊಂಡು 'ಐ ಹ್ಯಾವ್ ಸೆಂಟ್ ಯೆಸ್ಟರ್‌ಡೇ' ಎಂದು ನೀವು ಬರೆದಿದ್ದೀರಿ. ಇಂಗ್ಲಿಷಿನ ಹ್ಯಾವ್ ಮಾತ್ರ ಈಗಿನ ಸ್ಥಿತಿಯನ್ನು ಹೇಳುವ ಪದ: ಕೆಲಸ ಆಗಿದೆ, ಅದರ ಫಲ ಈಗ ನಮ್ಮ ಕೈಯಲ್ಲಿದೆ, ಯಾವಾಗ ಆಯಿತೆಂಬುದು ಮುಖ್ಯವಲ್ಲ. ಆದ್ದರಿಂದ ಮುಗಿದುಹೋದ ದಿನವನ್ನು ಹೆಸರಿಸಿದ ಕೂಡಲೇ ಅದು ಜಾಗ ಬಿಡಬೇಕು: 'ಐ ಸೆಂಟ್ ದ ಕೊಟೇಶನ್ ಯೆಸ್ಟರ್‌ಡೇ'. ದಿನ ಹೇಳದಿದ್ದರೆ 'ಐ ಹ್ಯಾವ್ ಸೆಂಟ್ ದ ಕೊಟೇಶನ್' ಸರಿ.

ಈ ನಿಯಮ ಎಲ್ಲ ಪುಸ್ತಕಗಳಲ್ಲಿಯೂ ಇದೆ, ಆದರೆ ಬರೆಯುವ ಗಡಿಬಿಡಿಯಲ್ಲಿ ನೆನಪಾಗುವುದಿಲ್ಲ. ನಾನು ಹೊಸಬರಿಗೆ ಹೇಳಿಕೊಡುವ ಉಪಾಯ ಬೇರೆ: ಅನುಮಾನ ಬಂದಾಗ ಕನ್ನಡದ ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ. 'ಆಗಿದೆ' ಎನ್ನುವಾಗ ಸಡಿಲವಾಗಿರುವ ಕನ್ನಡ, 'ಆಗಿಲ್ಲ' ಎನ್ನುವಾಗ ಬಹಳ ಖಚಿತವಾಗಿ ಮಾತನಾಡುತ್ತದೆ. 'ಹಣ ಬಂದಿಲ್ಲ' ಎಂದರೆ ಇನ್ನೂ ಬರಬಹುದು, ಕಾಯುತ್ತಿದ್ದೇವೆ; 'ಹಣ ಬರಲಿಲ್ಲ' ಎಂದರೆ ಆ ಹೊತ್ತು ಕಳೆದುಹೋಯಿತು. ಮೊದಲನೆಯದು 'ಹ್ಯಾಸ್ ನಾಟ್', ಎರಡನೆಯದು 'ಡಿಡ್ ನಾಟ್'. 'ನಿನ್ನೆ ಕಳುಹಿಸಿದ್ದೇನೆ' ಎಂಬುದನ್ನು ತಿರುಗಿಸಿದರೆ 'ನಿನ್ನೆ ಕಳುಹಿಸಲಿಲ್ಲ' ಎಂದಾಗುತ್ತದೆ, ಹಾಗಾಗಿ ಅದು ಸೆಂಟ್. 'ಕಳುಹಿಸಿದ್ದೇನೆ, ನೋಡಿ' ಎಂಬುದಕ್ಕೆ ಎದುರು 'ಇನ್ನೂ ಕಳುಹಿಸಿಲ್ಲ', ಹಾಗಾಗಿ ಅದು ಹ್ಯಾವ್ ಸೆಂಟ್. ಆಡುಮಾತಿನಲ್ಲಿ ಈ ಎರಡು ಆಗಾಗ ಬೆರೆಯುತ್ತವೆ ಎಂಬುದು ನಿಜ, ಆದ್ದರಿಂದ ಪತ್ರಿಕೆಯಲ್ಲಿ ಹೇಗೆ ಬರೆಯುತ್ತಾರೋ ಹಾಗೆ ಮನಸ್ಸಿನಲ್ಲಿ ಹೇಳಿಕೊಳ್ಳಿ.

ಈ ಉಪಾಯದಿಂದ ನಿಮ್ಮ ಎರಡನೆಯ ವಾಕ್ಯವನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ರಿಸೀವ್ಡ್ ಎಂಬುದನ್ನು ರಿಸೀವ್ ಮಾಡಿದರೆ ವ್ಯಾಕರಣ ಸರಿಹೋಯಿತು, ಅರ್ಥ ಸರಿಹೋಗಲಿಲ್ಲ. ನೀವು ಹೇಳಬಯಸಿದ್ದು 'ಉತ್ತರ ಬಂದಿಲ್ಲ' ಎಂದಲ್ಲವೇ? ಹಾಗಾದರೆ ಅದು 'ವಿ ಹ್ಯಾವ್ ನಾಟ್ ರಿಸೀವ್ಡ್'. 'ವಿ ಡಿಡ್ ನಾಟ್ ರಿಸೀವ್' ಎಂದು ಓದಿದ ಗ್ರಾಹಕ, ತಾನು ಕಳುಹಿಸಿದ ಉತ್ತರ ದಾರಿಯಲ್ಲಿ ಕಳೆದುಹೋಯಿತೇ ಎಂದು ಹುಡುಕಲು ಹೋದರೂ ಹೋದಾನು.

ಹ್ಯಾಡ್ ಪದದ ಬಗ್ಗೆ ನನ್ನದೇ ಒಂದು ಕಥೆಯಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಜರ್ಮನಿಯ ಒಬ್ಬ ಗ್ರಾಹಕರಿಗೆ 'ವಿ ಹ್ಯಾಡ್ ಡಿಸ್ಪ್ಯಾಚ್ಡ್ ದ ಗೂಡ್ಸ್ ಆನ್ ಫ್ರೈಡೇ' ಎಂದು ಬರೆದೆ. ಮರುದಿನವೇ ಉತ್ತರ ಬಂತು: ಆಮೇಲೆ ಏನಾಯಿತು, ಸರಕು ವಾಪಸ್ ಬಂತೇ? ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. 'ಶುಕ್ರವಾರ ಕಳುಹಿಸಿದ್ದೆವು' ಎಂಬ ನಮ್ಮ ಸಹಜ ಮಾತನ್ನು ನಾನು ಇಂಗ್ಲಿಷಿಗೆ ಇಳಿಸಿದ್ದೆ ಅಷ್ಟೇ. (ಈಗ ಬರೆದ ಈ ವಾಕ್ಯದ 'ಇಳಿಸಿದ್ದೆ' ಕೂಡ ಅದೇ ರೂಪ ನೋಡಿ, ಕನ್ನಡಿಗರ ಬಾಯಲ್ಲಿ ಅದು ಎಷ್ಟು ಸಲೀಸು!) ಇಂಗ್ಲಿಷಿನ ಹ್ಯಾಡ್ ಒಂಟಿಯಾಗಿ ನಿಲ್ಲುವುದಿಲ್ಲ, ಹಿಂದೆಯೇ ನಡೆದ ಇನ್ನೊಂದು ಘಟನೆಯನ್ನು ಅದು ಕೇಳುತ್ತದೆ, ಅದಕ್ಕಿಂತಲೂ ಮೊದಲು ಆದದ್ದಕ್ಕೆ ಮಾತ್ರ ಅದು ಸಲ್ಲುತ್ತದೆ. 'ವೆನ್ ಯುವರ್ ಮೇಲ್ ಕೇಮ್, ವಿ ಹ್ಯಾಡ್ ಆಲ್ರೆಡಿ ಡಿಸ್ಪ್ಯಾಚ್ಡ್ ದ ಗೂಡ್ಸ್' ಎಂದರೆ ಸರಿ. ಜೊತೆಗೆ ಎರಡನೆಯ ಘಟನೆ ಇಲ್ಲದಿದ್ದರೆ ಹ್ಯಾಡ್ ಅಳಿಸಿಬಿಡಿ. ಹತ್ತರಲ್ಲಿ ಒಂಬತ್ತು ಸಲ ವಾಕ್ಯ ತಾನಾಗಿ ಸರಿಹೋಗುತ್ತದೆ.

ಇದರ ಪಕ್ಕದಲ್ಲೇ ಇರುವ ಇನ್ನೊಂದು ಗುಂಡಿ 'ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ' ಎಂಬ ವಾಕ್ಯ. ಇದು 'ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಎಂದಾಗುತ್ತದೆ. ಹಿಂದೆ ಆರಂಭವಾಗಿ ಈಗಲೂ ನಡೆದಿರುವ ಕೆಲಸಕ್ಕೆ ಇಂಗ್ಲಿಷ್ ಹ್ಯಾವ್ ಬೇಡುತ್ತದೆ: 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್'. ನಮ್ಮ 'ಇಂದ' ಪ್ರತ್ಯಯ ಎರಡು ಕೆಲಸ ಮಾಡುತ್ತದೆ, ಇಂಗ್ಲಿಷ್ ಅದನ್ನು ಹಂಚಿಬಿಟ್ಟಿದೆ; ಅವಧಿ ಹೇಳುವಾಗ ಫಾರ್, ಆರಂಭವಾದ ಬಿಂದುವನ್ನು ಹೇಳುವಾಗ ಸಿನ್ಸ್. 'ಸಿನ್ಸ್ 2019', 'ಫಾರ್ ಫೈವ್ ಇಯರ್ಸ್'.

ಭವಿಷ್ಯದ ಮಾತಿಗೆ ಬಂದರೆ, ರೂಪದ ದೃಷ್ಟಿಯಿಂದ ಇಂಗ್ಲಿಷಿನಲ್ಲಿರುವುದು ವರ್ತಮಾನ, ಭೂತ ಎಂಬ ಎರಡೇ ಕಾಲಗಳೆಂದು ವ್ಯಾಕರಣಕಾರರಲ್ಲಿ ಅನೇಕರು ಹೇಳುತ್ತಾರೆ, ವಿಲ್ ಒಂದು ಸಹಾಯಕ ಕ್ರಿಯಾಪದವಷ್ಟೇ. ನಾವೂ 'ನಾಳೆ ಕಳುಹಿಸುತ್ತೇನೆ' ಎಂದು ವರ್ತಮಾನದಲ್ಲೇ ಭವಿಷ್ಯ ನಡೆಸುವವರಾದ್ದರಿಂದ ಇದು ನಮಗೆ ವಿಚಿತ್ರವೆನಿಸಬಾರದು. ಆದರೆ 'ಐ ಸೆಂಡ್ ಟುಮಾರೋ' ಎಂದು ಬರೆಯಬೇಡಿ. ಗ್ರಾಹಕರಿಗೆ ಮಾತು ಕೊಡುವುದಾದರೆ 'ಐ ವಿಲ್ ಸೆಂಡ್'. ವಿನಯಕ್ಕೆಂದು ವುಡ್ ಬಳಸುವ ಅಭ್ಯಾಸ ನಮ್ಮಲ್ಲಿ ಹರಡಿದೆ, ಅದನ್ನು ಬಿಡಿ. 'ವಿ ವುಡ್ ಡಿಸ್ಪ್ಯಾಚ್' ಎಂದರೆ ಕಳುಹಿಸುತ್ತಿದ್ದೆವು, ಆದರೆ ಏನೋ ಅಡ್ಡಿಯಿದೆ ಎಂಬ ಧ್ವನಿ ಹೊರಡುತ್ತದೆ. ಇನ್ನು ಇಫ್, ವೆನ್, ಒನ್ಸ್, ಆಫ್ಟರ್ ಎಂದು ಆರಂಭವಾಗಿ ಮುಂದೆ ಆಗಬೇಕಾದುದನ್ನು ಹೇಳುವ ಭಾಗದಲ್ಲಿ ವಿಲ್ ಹಾಕುವುದಿಲ್ಲ, ಅದು ಮುಖ್ಯ ಭಾಗಕ್ಕೆ ಮಾತ್ರ. 'ಪಿ.ಒ. ಬಂದ ಮೇಲೆ ಕಳುಹಿಸುತ್ತೇವೆ' ಎನ್ನುವಾಗ ಕನ್ನಡವೂ 'ಬರುವ ಮೇಲೆ' ಎನ್ನುವುದಿಲ್ಲವಲ್ಲ.

ಕರ್ಮಣಿ ಪ್ರಯೋಗಕ್ಕೆ ಕನ್ನಡಿಗರು ಹೆದರುವುದೇಕೋ ನನಗೆ ತಿಳಿಯದು, ಏಕೆಂದರೆ ನಮ್ಮ ಸರ್ಕಾರಿ ಸುತ್ತೋಲೆಗಳು ಅದರಿಂದಲೇ ತುಂಬಿವೆ. 'ಕಳುಹಿಸಲಾಯಿತು' ಎಂದರೆ 'ವಾಸ್ ಸೆಂಟ್', 'ಕಳುಹಿಸಲಾಗಿದೆ' ಎಂದರೆ 'ಹ್ಯಾಸ್ ಬೀನ್ ಸೆಂಟ್', 'ಕಳುಹಿಸಲಾಗುವುದು' ಎಂದರೆ 'ವಿಲ್ ಬಿ ಸೆಂಟ್'. ತಾಲ್ಲೂಕು ಕಚೇರಿಯ ಭಾಷೆ ಉಪಯೋಗಕ್ಕೆ ಬರುವ ಅಪರೂಪದ ಜಾಗವಿದು. ಯಾರು ಕಳುಹಿಸಿದರೆಂಬುದು ಮುಖ್ಯವಲ್ಲದ ಕಡೆ, ಸರಕು ಎಲ್ಲಿದೆ ಎಂಬುದಷ್ಟೇ ಬೇಕಾದ ಕಡೆ, ಇದನ್ನು ಧಾರಾಳವಾಗಿ ಬಳಸಿ. ತಪ್ಪು ನಮ್ಮದಾಗಿರುವಾಗ ಮಾತ್ರ ಇದರ ಮರೆಯಲ್ಲಿ ನಿಲ್ಲದೆ 'ವಿ ಮೇಡ್ ಅ ಮಿಸ್ಟೇಕ್' ಎಂದು ಬರೆದರೆ ಗ್ರಾಹಕ ಬೇಗ ತಣ್ಣಗಾಗುತ್ತಾನೆ.

ನಿಮ್ಮ ಗ್ರಾಹಕರು ಅಮೆರಿಕದವರಾಗಿದ್ದರೆ ಅವರೇ 'ಐ ಆಲ್ರೆಡಿ ಸೆಂಟ್ ಇಟ್' ಎಂದು ಹ್ಯಾವ್ ಬಿಟ್ಟು ಬರೆಯುವುದನ್ನು ನೋಡುತ್ತೀರಿ. ಅಲ್ಲಿ ಅದು ವಾಡಿಕೆ, ತಪ್ಪಲ್ಲ. ಬ್ರಿಟಿಷ್ ಬಳಕೆಯಲ್ಲಿ 'ಐ ಹ್ಯಾವ್ ಆಲ್ರೆಡಿ ಸೆಂಟ್ ಇಟ್' ಹೆಚ್ಚು. ಎರಡನೆಯದನ್ನು ಬರೆದರೆ ಎರಡೂ ಕಡೆ ನಡೆಯುತ್ತದೆ.

ನಿಮ್ಮ ಮೂರು ವಾಕ್ಯಗಳನ್ನು ನಾನಾಗಿದ್ದರೆ ಹೀಗೆ ಕಳುಹಿಸುತ್ತಿದ್ದೆ: 'ಐ ಸೆಂಟ್ ದ ಕೊಟೇಶನ್ ಆನ್ ಮಂಡೇ. ವಿ ಹ್ಯಾವ್ ನಾಟ್ ರಿಸೀವ್ಡ್ ಯುವರ್ ರಿಪ್ಲೈ ಯೆಟ್. ಒನ್ಸ್ ವಿ ರಿಸೀವ್ ದ ಪಿ.ಒ., ವಿ ವಿಲ್ ಡಿಸ್ಪ್ಯಾಚ್ ದ ಮೆಟೀರಿಯಲ್'. ಯೆಸ್ಟರ್‌ಡೇ ತೆಗೆದು ವಾರದ ಹೆಸರು ಹಾಕಿದ್ದು ವ್ಯಾಕರಣಕ್ಕಾಗಿ ಅಲ್ಲ. ಗ್ರಾಹಕರು ಪತ್ರವನ್ನು ಎರಡು ದಿನ ಬಿಟ್ಟು ತೆರೆದರೆ ಅವರ ನಿನ್ನೆ ಬೇರೆ, ನಿಮ್ಮ ನಿನ್ನೆ ಬೇರೆ.