ಎನ್‌ಎಸ್‌1 ನೆಗೆಟಿವ್ ಬಂದರೆ ಡೆಂಗಿ ಅಲ್ಲವೆಂದೇ ಅರ್ಥವೇ?

ನಿಮ್ಮ ತಾಯಿಯವರಿಗೆ ಜ್ವರ ಬಂದ ಆರನೆಯ ದಿನ ಮಾಡಿಸಿದ ಎನ್‌ಎಸ್‌1 ಪರೀಕ್ಷೆ ನೆಗೆಟಿವ್ ಬಂದಿದ್ದು, ಜ್ವರವೂ ಇಳಿದಿರುವುದರಿಂದ ನಿಶ್ಚಿಂತೆಯಿಂದ ಇರಬಹುದೇ ಎಂದು ಕೇಳಿದ್ದೀರಿ. ಆ ಒಂದು ವರದಿಯನ್ನು ನಂಬಿ ಹಾಗೆ ತೀರ್ಮಾನಿಸಲು ಬರುವುದಿಲ್ಲ. ಎನ್‌ಎಸ್‌1 ಎಂಬುದು ಡೆಂಗಿ ವೈರಾಣುವಿನ ಒಂದು ಪ್ರೋಟೀನು. ಅದು ರಕ್ತದಲ್ಲಿ ಚೆನ್ನಾಗಿ ಪತ್ತೆಯಾಗುವುದು ಮೊದಲ ನಾಲ್ಕೈದು ದಿನ, ಹಿಂದೊಮ್ಮೆ ಡೆಂಗಿ ಬಂದುಹೋದವರಲ್ಲಿ ಇನ್ನೂ ಬೇಗ ಮರೆಯಾಗಬಹುದು. ಐದು ದಿನ ಕಳೆದ ಮೇಲೆ ಮಾಡಿಸಬೇಕಾದದ್ದು ಐಜಿಎಂ ಎಲೈಸಾ ಪರೀಕ್ಷೆ, ಅಂದರೆ ವೈರಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ.

ಜ್ವರ ಇಳಿದದ್ದನ್ನಂತೂ ಗುಣವಾದ ಲಕ್ಷಣವೆಂದು ತಿಳಿಯಬೇಡಿ. ರಕ್ತನಾಳಗಳಿಂದ ದ್ರವ ಸೋರಿ ರಕ್ತ ಮಂದವಾಗುವ ಅಪಾಯ ಹೆಚ್ಚಾಗಿರುವುದು ಜ್ವರ ಬಿಟ್ಟ ನಂತರದ ಒಂದೆರಡು ದಿನಗಳಲ್ಲೇ. ಎಲ್ಲರೂ ಪ್ಲೇಟ್‌ಲೆಟ್ ಸಂಖ್ಯೆಯನ್ನಷ್ಟೇ ನೋಡುತ್ತಾರೆ. ಅದೇ ರಕ್ತಪರೀಕ್ಷೆಯ ವರದಿಯಲ್ಲಿರುವ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ರಕ್ತಕಣಗಳ ಪಾಲು) ಏರುತ್ತಿದೆಯೇ ಎಂಬುದನ್ನೂ ವೈದ್ಯರಲ್ಲಿ ಕೇಳಿ. ತೀವ್ರ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ಚಡಪಡಿಕೆ ಅಥವಾ ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್, ಆಸ್ಪಿರಿನ್‌ಗಳನ್ನು ನೀವಾಗಿಯೇ ಕೊಡಬೇಡಿ. ಪಪ್ಪಾಯಿ ಎಲೆಯ ರಸ ಕುಡಿಸಿದೆವೆಂಬ ಧೈರ್ಯದಲ್ಲಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಮನೆಯ ನೀರಿನ ಡ್ರಮ್ಮನ್ನು ಬರಿದು ಮಾಡಿದರಷ್ಟೇ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿನ ಗೋಡೆಗೆ ಸಾಸಿವೆಗಿಂತ ಚಿಕ್ಕ ಕಪ್ಪು ಮೊಟ್ಟೆಗಳನ್ನು ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದು, ಮತ್ತೆ ತುಂಬಿಸಿದ ಮೇಲೆ ಬಿಗಿಯಾಗಿ ಮುಚ್ಚಿಡಿ.