ಕೇಳುವ ಮೊದಲೇ ‘ಬೇಡ’ ಎಂದವರು ಯಾರು?

ಒಂದು ಚಿಕಿತ್ಸೆಯನ್ನು ಇನ್ನೊಂದರೊಡನೆ ಹೋಲಿಸಿ ರೋಗಿಗಳಲ್ಲಿ ಪರೀಕ್ಷಿಸುವುದು ಕ್ಲಿನಿಕಲ್ ಟ್ರಯಲ್; ಎಲ್ಲ ತಿಳಿದು ಅದಕ್ಕೆ ಒಪ್ಪಿ ರೋಗಿ ಸಹಿ ಹಾಕುವುದು ಸಮ್ಮತಿ ಪತ್ರ. ಇದಕ್ಕಿಂತ ಹೆಚ್ಚು ವಿವರಿಸುವ ತಾಳ್ಮೆ ನನಗಿಲ್ಲ. ರೋಗಿಯನ್ನು ಕೇಳದೆಯೇ ಟ್ರಯಲ್‌ನಿಂದ ದೂರವಿಡುವುದೂ ಸೇರಿದಂತೆ, ಓದುಗರಿಂದ ಪದೇ ಪದೇ ಬರುತ್ತಿರುವ ಪ್ರಶ್ನೆಗಳಿಗೆ ಮಾತ್ರ ಇಲ್ಲಿ ಉತ್ತರಿಸುತ್ತೇನೆ. ಮೊದಲು ಅವರ ಪ್ರಶ್ನೆ, ಕೆಳಗೆ ನನ್ನ ಉತ್ತರ.

ನನ್ನ ತಾಯಿಗೆ ಕ್ಯಾನ್ಸರ್. ಅವರಿಗೆ ಹೊಂದುವಂತಹ ಟ್ರಯಲ್ ಅದೇ ಆಸ್ಪತ್ರೆಯಲ್ಲಿ ನಡೆದಿತ್ತು ಎಂಬುದು ರೋಗಿಗಳನ್ನು ಸೇರಿಸಿಕೊಳ್ಳುವುದು ಮುಗಿದ ಮೇಲೆ ತಿಳಿಯಿತು. ವೈದ್ಯರನ್ನು ಕೇಳಿದರೆ, ‘ಈ ವಯಸ್ಸಿನಲ್ಲಿ ಅವರಿಗೇಕೆ ತೊಂದರೆ ಎಂದು ಹೇಳಲಿಲ್ಲ’ ಎಂದರು. ಇದು ಸರಿಯೇ?

ಸರಿಯಲ್ಲ. ವಯೋಮಿತಿ, ಮೂತ್ರಪಿಂಡದ ಸ್ಥಿತಿ, ಹಿಂದಿನ ಚಿಕಿತ್ಸೆ ಮುಂತಾದ ಕಾರಣಗಳಿಂದ ಪ್ರೊಟೊಕಾಲ್, ಅಂದರೆ ಟ್ರಯಲ್‌ನ ಲಿಖಿತ ನಿಯಮಾವಳಿ, ನಿಮ್ಮ ತಾಯಿಯನ್ನು ಹೊರಗಿಟ್ಟಿದ್ದರೆ ಯಾರೂ ಆಕ್ಷೇಪಿಸುವಂತಿಲ್ಲ. ಇಲ್ಲಿ ಹೊರಗಿಟ್ಟಿರುವುದು ವೈದ್ಯರ ಕನಿಕರ. ಟ್ರಯಲ್‌ಗೆ ಯಾರು ಹೊಂದುತ್ತಾರೆಂದು ಪರಿಶೀಲಿಸಿ ಬರೆದಿಡುವ ದಾಖಲೆಯಲ್ಲಿ ‘ಕಾರಣ’ ಎಂಬ ಅಂಕಣದಲ್ಲಿ ‘ಸೂಕ್ತರಲ್ಲ’ ಎಂದಷ್ಟೇ ಬರೆದಿದ್ದರೆ ನನಗೆ ಕೋಪ ಬರುತ್ತದೆ. ಯಾರ ದೃಷ್ಟಿಯಲ್ಲಿ ಸೂಕ್ತರಲ್ಲ? ಬಹಳ ಸಲ ಆ ರೋಗಿಯನ್ನು ಯಾರೂ ಮಾತನಾಡಿಸಿಯೇ ಇರುವುದಿಲ್ಲ.

ಕನಿಕರದ ಹಿಂದೆ ಬೇರೆ ಕಾರಣಗಳೂ ಇರುತ್ತವೆ. ಹೊರರೋಗಿ ವಿಭಾಗದಲ್ಲಿ ಸಾಲು ಬೆಳೆದಿರುವಾಗ ಅರ್ಧ ಗಂಟೆ ಕೂತು ವಿವರಿಸಲು ಬಿಡುವಿಲ್ಲ. ರೋಗಿಯ ವಿಶ್ವಾಸ ಕಳೆದುಕೊಂಡೇನೆಂಬ ಅಳುಕು ಬೇರೆ. ‘ಎರಡು ಚಿಕಿತ್ಸೆಗಳಲ್ಲಿ ಯಾವುದು ಉತ್ತಮ ಎಂಬುದು ನನಗೂ ಗೊತ್ತಿಲ್ಲ’ ಎಂದು ಹೇಳಲು ನಮ್ಮ ವೃತ್ತಿಯವರಿಗೆ ನಾಲಿಗೆ ಏಳುವುದಿಲ್ಲ. ಆದರೆ ಟ್ರಯಲ್‌ಗೆ ಆಧಾರವೇ ಆ ಅನಿಶ್ಚಿತತೆ. ಒಬ್ಬ ವೈದ್ಯರಿಗೆ ತಮ್ಮದೇ ಒಲವಿದ್ದರೂ ತಜ್ಞರ ವಲಯದಲ್ಲಿ ಒಮ್ಮತವಿಲ್ಲದಿದ್ದರೆ ಪ್ರಯೋಗ ನಡೆಸುವುದು ನೈತಿಕವಾಗಿ ಸರಿ ಎಂದು ವೈದ್ಯಕೀಯ ನೀತಿಶಾಸ್ತ್ರದ ಚಿಂತಕ ಬೆಂಜಮಿನ್ ಫ್ರೀಡ್‌ಮನ್ 1987ರಲ್ಲೇ ವಾದಿಸಿದ್ದರು. ಇನ್ನು ವೈದ್ಯರ ಒಲವನ್ನು ಎಷ್ಟು ನಂಬಬಹುದು? ಹೃದಯಾಘಾತವಾದವರಲ್ಲಿ ಹೃದಯಬಡಿತದ ಏರುಪೇರು ತಡೆಯಲು ಎನ್ಕೈನೈಡ್, ಫ್ಲೆಕೈನೈಡ್‌ಗಳನ್ನು ನಂಬಿಕೆಯಿಂದಲೇ ಬರೆದುಕೊಡುತ್ತಿದ್ದರು. ಅವುಗಳನ್ನು ತೆಗೆದುಕೊಂಡವರಲ್ಲಿ ಪ್ಲೇಸಿಬೊ (ಔಷಧವಿಲ್ಲದ ಹುಸಿ ಮಾತ್ರೆ) ಗುಂಪಿಗಿಂತ ಹೆಚ್ಚು ಸಾವುಗಳಾಗುತ್ತಿವೆ ಎಂದು 1989ರಲ್ಲಿ ತೋರಿಸಿಕೊಟ್ಟದ್ದು ‘ಕ್ಯಾಸ್ಟ್’ ಟ್ರಯಲ್.

ಹೀಗೆ ಬಾಗಿಲಲ್ಲೇ ಆಯ್ಕೆ ನಡೆದಾಗ ಒಳಗೆ ಬರುವವರು ಗಟ್ಟಿಮುಟ್ಟಾದವರು, ಓದಿದವರು, ವೈದ್ಯರೊಡನೆ ಸಲೀಸಾಗಿ ಮಾತನಾಡುವವರು. ವಯಸ್ಸಾದವರು, ಮೂರು ನಾಲ್ಕು ಕಾಯಿಲೆ ಹೊತ್ತವರು, ಅಂತಿಮ ಹಂತದ ಆರೈಕೆಯಲ್ಲಿರುವವರು ಹೊರಗುಳಿಯುತ್ತಾರೆ. ಔಷಧ ಮಾರುಕಟ್ಟೆಗೆ ಬಂದ ಮೇಲೆ ನುಂಗುವವರು ಮಾತ್ರ ಇವರೇ! ಆಗ ಔಷಧದ ಪ್ರಮಾಣವನ್ನು ಅಂದಾಜಿನ ಮೇಲೆ ಬರೆಯಬೇಕಾಗುತ್ತದೆ.

ತಡೆಯುವವರೆಲ್ಲ ತಪ್ಪಿತಸ್ಥರಲ್ಲ. ನೋವಿನಿಂದ ನರಳುತ್ತಿರುವ ರೋಗಿಯ ಬಳಿ ಸಮ್ಮತಿ ಪತ್ರ ಹಿಡಿದು ಬಂದ ಸಂಶೋಧಕರನ್ನು ಹಿಂದಕ್ಕೆ ಕಳುಹಿಸುವ ನರ್ಸ್ ಮಾಡುವುದು ಸರಿಯಾದ ಕೆಲಸ. ‘ಈಗ ಬೇಡ’ ಎನ್ನುವ ಅಧಿಕಾರ ಅವರಿಗಿದೆ, ‘ಇವರಿಗೆ ಬೇಡ’ ಎನ್ನುವ ಅಧಿಕಾರವಿಲ್ಲ. ರೋಗಿಗಳನ್ನು ಟ್ರಯಲ್‌ಗೆ ತಳ್ಳುವವರ ಬಗ್ಗೆಯೂ ಎಚ್ಚರವಿರಲಿ. ಸೇರಿಸಿದ ಪ್ರತಿ ರೋಗಿಗೆ ಇಷ್ಟು ಎಂದು ಸಂಶೋಧನಾ ಕೇಂದ್ರಕ್ಕೆ ಹಣ ಬರುವ ಟ್ರಯಲ್‌ಗಳಿವೆ. ಉತ್ಸಾಹದಿಂದ ಕರೆಯುವವರನ್ನು ಆ ಬಗ್ಗೆ ನೇರವಾಗಿ ಕೇಳಿ.

ನೀವು ಈಗ ಮಾಡಬಹುದಾದದ್ದಿಷ್ಟೇ: ಮುಂದಿನ ಭೇಟಿಯಲ್ಲಿ ‘ತಾಯಿಗೆ ಹೊಂದುವ ಬೇರೆ ಟ್ರಯಲ್ ಇದೆಯೇ?’ ಎಂದು ಕೇಳಿ. ಆ ಮಾತು ತಾಯಿಯ ಎದುರಿನಲ್ಲೇ ಆಗಲಿ.

ತಂದೆಗೆ ಟ್ರಯಲ್ ವಿಷಯ ತಿಳಿಸಬೇಡಿ ಎಂದು ನಾವು ಮಕ್ಕಳೇ ವೈದ್ಯರಿಗೆ ಹೇಳಿದ್ದೇವೆ. ಅವರು ಗಾಬರಿಯಾಗುತ್ತಾರೆ.

ಅವರ ಬುದ್ಧಿ ಸ್ವಾಧೀನದಲ್ಲಿದೆ ತಾನೇ? ಹಾಗಿದ್ದರೆ ನಿರ್ಧಾರ ಅವರದು. ಮೇಲಿನ ಉತ್ತರ ನಿಮಗೂ ಅನ್ವಯಿಸುತ್ತದೆ.

ಸೇರಿದರೆ ಹೊಸ ಔಷಧವೇ ಸಿಗುತ್ತದೆಯೇ?

ಖಾತ್ರಿಯಿಲ್ಲ, ಹೋಲಿಕೆಯ ಗುಂಪಿಗೂ ಬೀಳಬಹುದು. ಅದಕ್ಕೆಂದೇ ಸೇರುವುದಾದರೆ ಸೇರಬೇಡಿ.

ನಮ್ಮನ್ನು ಪ್ರಯೋಗದ ಇಲಿ ಮಾಡುತ್ತಾರಂತೆ. ಅದಕ್ಕಿಂತ ಪರಿಚಿತರೊಬ್ಬರು ಕೊಡುವ ಪುಡಿಯೇ ವಾಸಿಯಲ್ಲವೇ?

ನೈತಿಕ ಪರಿಶೀಲನಾ ಸಮಿತಿಯ ಅನುಮತಿ ಪಡೆದ, ಯಾವಾಗ ಬೇಕಾದರೂ ಹೊರಬರಬಹುದಾದ ಟ್ರಯಲ್‌ಗೆ ಹೆದರುತ್ತೀರಿ. ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ, ಚೀಟಿಯೂ ಇಲ್ಲದ ಪುಡಿಗೆ ಬಾಯಿ ತೆರೆಯುತ್ತೀರಿ. ಅದೂ ಪ್ರಯೋಗವೇ, ಫಲಿತಾಂಶ ಬರೆದಿಡುವವರು ಮಾತ್ರ ಯಾರೂ ಇಲ್ಲ.

ಟ್ರಯಲ್‌ಗೆ ಸೇರಿಸುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ.

ಕೊಡಬೇಡಿ. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಟ್ರಯಲ್ ಸಾರ್ವಜನಿಕ ದಾಖಲೆಯಲ್ಲಿ ನೋಂದಣಿಯಾಗಬೇಕೆಂದು, ಮಾನವರ ಮೇಲಿನ ವೈದ್ಯಕೀಯ ಸಂಶೋಧನೆಗೆ ನೈತಿಕ ಸೂತ್ರಗಳನ್ನು ಹಾಕಿಕೊಟ್ಟ ಹೆಲ್ಸಿಂಕಿ ಘೋಷಣೆ 2008ರಿಂದ ಹೇಳುತ್ತಿದೆ. ಆ ನೋಂದಣಿ ಸಂಖ್ಯೆ ಕೇಳಿ. ಮಾತು ಮರೆಸಿದರೆ ಎದ್ದು ಬನ್ನಿ.